ದ್ವಾದಶಿಯ ಹದಿನೆಂಟು ನಿಮಿಷ

ಬಯಲುಸೀಮೆಯ ಹಳೆಯ ಮನೆಯೊಂದನ್ನು ನೆನೆಸಿಕೊಳ್ಳಿ. ತಲೆಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ನಡುಮನೆ, ಆಮೇಲೆ ಅಡುಗೆಮನೆ, ಕಟ್ಟಕಡೆಗೆ ದೇವರಮನೆ. ಬಾಗಿಲಲ್ಲಿ ಯಾರೋ ನಿಂತು "ಯಾರದೀರಿ ಒಳಗ?" ಎಂದು ಕೂಗುತ್ತಾರೆ. ಪಡಸಾಲೆಯಲ್ಲಿ ಕೂತವರು ಆ ಕೂಗನ್ನು ನಡುಮನೆಗೆ ದಾಟಿಸುತ್ತಾರೆ, ನಡುಮನೆಯವರು ಅಡುಗೆಮನೆಗೆ, ಅಡುಗೆಮನೆಯವರು ದೇವರಮನೆಗೆ. ಜಪಕ್ಕೆ ಕೂತಿದ್ದ ಯಜಮಾನ ಆಗ ಎದ್ದು ಹೊರಗೆ ಬರುತ್ತಾನೆ.

ನಮ್ಮ ಪಿತ್ತಜನಕಾಂಗದ ಒಂದೊಂದು ಜೀವಕೋಶವೂ ಇಂಥದೇ ಮನೆ. ಹೊರಗಿನಿಂದ "ಬೆಳೆ" ಎಂಬ ಕರೆ ಬಂದರೆ ಬಾಗಿಲಿನ ಪ್ರೋಟೀನು ಒಳಗಿನದರ ಹಣೆಗೆ ಫಾಸ್ಫೇಟಿನ ಒಂದು ಬೊಟ್ಟಿಡುತ್ತದೆ. ಬೊಟ್ಟು ಬಿದ್ದದ್ದು ಎಚ್ಚರಗೊಂಡು ಮುಂದಿನದಕ್ಕೆ ಬೊಟ್ಟಿಡುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿ ಕರೆ ಕೋಶದ ದೇವರಮನೆಯಾದ ಗರ್ಭವನ್ನು, ನ್ಯೂಕ್ಲಿಯಸ್ಸನ್ನು ಮುಟ್ಟುತ್ತದೆ. ಕರೆ ನಿಂತ ಮೇಲೆ ಬೊಟ್ಟುಗಳು ಅಳಿಸಿಹೋಗಿ ಮನೆ ಮತ್ತೆ ಸುಮ್ಮನಾಗುತ್ತದೆ.

ಹೆಪಟೈಟಿಸ್ ಬಿ ಎಂಬ ವೈರಸ್ಸು ಈ ಮನೆಯನ್ನು ಹೊಕ್ಕಾಗ ಗೋಡೆ ಕೆಡವುವುದಿಲ್ಲ, ಗಡಿಗೆ ಒಡೆಯುವುದಿಲ್ಲ. ತನ್ನದೊಂದು ಸಣ್ಣ ಪ್ರೋಟೀನನ್ನು ನಡುಮನೆಯಲ್ಲಿ ತಂದು ಕೂರಿಸುತ್ತದೆ. ಅದಕ್ಕೆ ಎಕ್ಸ್ ಎಂದು ಹೆಸರು. ಬಾಗಿಲಲ್ಲಿ ನರಪಿಳ್ಳೆ ಇಲ್ಲದಿದ್ದರೂ ಅದು "ಕರೆದರು, ಹೊರಗ ಕರೆದರು" ಎನ್ನುತ್ತಲೇ ಇರುತ್ತದೆ. ಯಜಮಾನ ಎದ್ದೇ ಇರುತ್ತಾನೆ. ನಿದ್ದೆಯಿಲ್ಲದ ಮನೆ ಎಷ್ಟು ವರ್ಷ ನೆಟ್ಟಗೆ ಇದ್ದೀತು? ಕೊನೆಗೊಂದು ದಿನ ಅಲ್ಲಿ ಬೇಡದ ಗಂಟು ಬೆಳೆಯುತ್ತದೆ.

ಈ ಸುಳ್ಳು ಕೂಗನ್ನು ಹಿಡಿದು ತೋರಿಸಬೇಕೆಂದು ಬಾಗಲಕೋಟೆ ಕಡೆಯ ಅನಸೂಯ ವಡೋದರೆಗೆ ಬಂದು ಆರು ವರ್ಷವಾಗಿತ್ತು. ಬಂದಾಗ ಇಪ್ಪತ್ತಾರು, ಈಗ ಮೂವತ್ತೆರಡು. ಫತೇಗಂಜಿನಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ರಸ್ತೆ ದಾಟಿದರೆ ವಿಶ್ವವಿದ್ಯಾಲಯದ ಪ್ರಯೋಗಾಲಯ, ಅವಳ ಲೋಕ ಅಷ್ಟೇ. ಜೀವಕೋಶಗಳಿಗೆ ದಿನ ಬಿಟ್ಟು ದಿನ ಆಹಾರ ಬದಲಿಸಬೇಕು. ಹಾಗಾಗಿ ಅವಳು ಎರಡು ದಿನಕ್ಕಿಂತ ಹೆಚ್ಚು ಊರು ಬಿಟ್ಟವಳಲ್ಲ. ತಂಗಿಯ ಮದುವೆಗೆ ಅಕ್ಷತೆಯ ಹೊತ್ತಿಗೆ ಹೋಗಿ ಸಂಜೆಯ ಗಾಡಿಗೆ ಮರಳಿದ್ದಳು. ಪ್ರಯೋಗಾಲಯದಲ್ಲಿ ಎಲ್ಲರೂ ಗುಜರಾತಿ ಆಡುತ್ತಿದ್ದರು, ಅವಳಿಗೆ ಮಾತ್ರ ಹಿಂದಿಗೆ ತಿರುಗುತ್ತಿದ್ದರು, ಮತ್ತೆ ತಮ್ಮ ಮಾತಿಗೆ ಮರಳುತ್ತಿದ್ದರು. ದಿನಗಟ್ಟಲೆ ಅವಳ ಬಾಯಿಂದ ಕನ್ನಡ ಹೊರಡುತ್ತಿದ್ದದ್ದು ಇನ್‌ಕ್ಯುಬೇಟರಿನ ಮುಂದೆ ಮಾತ್ರ. "ಹೆಂಗದೀರಿ?" ಎನ್ನುತ್ತಿದ್ದಳು ಬಾಗಿಲು ತೆರೆಯುತ್ತ. ಮೂವತ್ತೇಳು ಡಿಗ್ರಿಯ ಬೆಚ್ಚನೆ ಉಸಿರು ಮುಖಕ್ಕೆ ಬಡಿಯುತ್ತಿತ್ತು. ಉತ್ತರವೆಂದರೆ ಅದೇ.

ಕೂಗು ಸುಳ್ಳೋ ನಿಜವೋ ತಿಳಿಯಬೇಕಾದರೆ ಮೊದಲು ನಿಜದ ಕೂಗನ್ನು ನಿಲ್ಲಿಸಬೇಕು. ಕೋಶಗಳ ಆಹಾರದಲ್ಲಿ ಸೀರಮ್ ಎಂಬ ರಸವಿರುತ್ತದೆ. "ಬೆಳೆ" ಎಂದು ಕರೆಯುವುದು ಅದೇ. ಸೀರಮ್ ತೆಗೆದು ಹದಿನಾರು ತಾಸು ಇಟ್ಟರೆ ಮನೆಯೆಲ್ಲ ನಿಶ್ಶಬ್ದ. ಆಗ ಕೋಶಗಳನ್ನು ಒಡೆದು, ಬೊಟ್ಟು ಬಿದ್ದ ಪ್ರೋಟೀನು ಎಷ್ಟಿದೆ ಎಂದು ಎಕ್ಸ್-ರೇ ಫಿಲ್ಮಿನ ಮೇಲೆ ನೋಡಬೇಕು. ಇದ್ದರೆ ಕಪ್ಪು ಗೆರೆ, ಇಲ್ಲದಿದ್ದರೆ ಬರಿ ಫಿಲ್ಮು. ಎಕ್ಸ್ ಇಲ್ಲದ ಬರಿಯ ಕೋಶಗಳು ಒಂದು ಕಡೆ, ಎಕ್ಸ್ ಕೂರಿಸಿದ ಕೋಶಗಳು ಇನ್ನೊಂದು ಕಡೆ. ಬೇರೆಯವರು ಈ ಹದಿನಾರು ತಾಸನ್ನು ಸ್ಟಾರ್ವೇಶನ್ ಎನ್ನುತ್ತಿದ್ದರು. ಅನಸೂಯ ಮನಸ್ಸಿನಲ್ಲೇ ಉಪವಾಸ ಎನ್ನುತ್ತಿದ್ದಳು.

ಹಾಗೆನ್ನಲು ಕಾರಣವಿತ್ತು. ಸೀರಮ್ಮು ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದದ್ದು. ಊರೂರಿಗೆ ಹೋಗಿ ಪುರಾಣ ಹೇಳುತ್ತಿದ್ದ ಕೃಷ್ಣರಾಜಾಚಾರ್ಯರ ಮಗಳಾದ ಅವಳು ಮೊದಲ ಸಲ ಆ ಬಾಟಲಿ ಹಿಡಿದ ದಿನ ಊಟ ಮಾಡಲಿಲ್ಲ. ಆಮೇಲೆ ಅಭ್ಯಾಸವಾಯಿತು. ಆದರೂ ಮುಚ್ಚಳ ತಿರುವುವಾಗ "ಕ್ಷಮಿಸು ತಾಯಿ" ಎನ್ನುವುದು ಬಿಡಲಿಲ್ಲ. ಏಕಾದಶಿಯ ದಿನವಾದರೂ ಅದನ್ನು ಮುಟ್ಟುವುದು ಬೇಡವೆಂದು ಎರಡನೆಯ ವರ್ಷದಲ್ಲಿ ಒಂದು ದಾರಿ ಕಂಡುಕೊಂಡಳು. ಕೋಶಗಳ ಉಪವಾಸವನ್ನೂ ಏಕಾದಶಿಗೇ ಹಾಕಿದಳು. ಅಂದು ಮಧ್ಯಾಹ್ನ ಮೂರಕ್ಕೆ ಸೀರಮ್ ತೆಗೆದರೆ ದ್ವಾದಶಿಯ ಬೆಳಿಗ್ಗೆ ಏಳಕ್ಕೆ ಹದಿನಾರು ತಾಸು ಸರಿಯಾಗಿ ತುಂಬುತ್ತಿತ್ತು. ಪ್ರಯೋಗಾಲಯದ ಬೇರೆ ಹೆಂಗಸರು ಏಕಾದಶಿಯನ್ನು ತಮ್ಮ ಮಾತಿನಲ್ಲಿ ಅಗಿಯಾರಸ್ ಎಂದು ಕರೆದು ಬಟಾಟೆಯ ಚಿವಡಾ, ಸಾಬುದಾನಿ ಖಿಚಡಿ ತರುತ್ತಿದ್ದರು. ಹನಿ ನೀರೂ ಮುಟ್ಟದ ಇವಳು ಹಸಿವಿಲ್ಲವೆಂದು ಹೇಳಿ ಇನ್‌ಕ್ಯುಬೇಟರಿನ ಹತ್ತಿರದ ಸ್ಟೂಲಿಗೆ ಹೋಗುತ್ತಿದ್ದಳು. ಆ ಊರಿನಲ್ಲಿ ಅವಳ ಜೊತೆ ನಿಟ್ಟುಪವಾಸ ಮಾಡುವವರು ಆ ಕೋಶಗಳೇ. ಅದರಿಂದ ಅವಳಿಗೆ ಒಂದು ಸಮಾಧಾನವಿತ್ತು.

ನಾಲ್ಕು ವರ್ಷದಲ್ಲಿ ಹದಿನಾಲ್ಕು ಸಲ ಪ್ರಯೋಗ ಮಾಡಿದ್ದಳು. ಹದಿನಾಲ್ಕು ಸಲವೂ ಬರಿಯ ಕೋಶ ಮೌನ, ಎಕ್ಸ್ ಕೋಶ ಕಾಡಿಗೆಯಂಥ ಗೆರೆ. ಮಾರ್ಗದರ್ಶಕರಾದ ತ್ರಿವೇದಿ ಸರ್ ಆ ಫಿಲ್ಮನ್ನು ಕಿಟಕಿಗೆ ಹಿಡಿದು, "ಅನಸೂಯಾಬೆನ್, ಇದು ಕಣ್ಣಿಲ್ಲದವರಿಗೂ ಕಾಣುತ್ತೆ!" ಎಂದು ನಗುತ್ತಿದ್ದರು. ಲೇಖನ ಒಂದು ಪತ್ರಿಕೆಗೆ ಹೋಗಿತ್ತು. ಫೆಬ್ರವರಿ ಕೊನೆಗೆ ಪ್ರಬಂಧ ಒಪ್ಪಿಸುವ ಮುಂಚಿನ ಸೆಮಿನಾರು. ಮಾರ್ಚಿನಲ್ಲಿ ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸಂದರ್ಶನ. ಈ ಫಿಲ್ಮು ನೋಡಿಯೇ ಅವರು ಕರೆದಿದ್ದರು. ಕೆಲಸ ಸಿಕ್ಕಂತೆಯೇ ಎಂದು ಸರ್ ಹೇಳಿದ್ದರು.

ಅನಸೂಯಳಿಗೆ ಸಂಬಳಕ್ಕಿಂತ ಬೇರೆಯದೇ ಆಸೆ. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತೈಲ ಕಂಪನಿಯ ನೌಕರರ ಮನೆಗಳಿವೆ, ಅಲ್ಲಿ ನಾಲ್ಕೈದು ಕನ್ನಡದ ಸಂಸಾರಗಳಿವೆ. ಅವರಲ್ಲಿ ಗೌರಮ್ಮ ಎಂಬುವರು ಪಕ್ಕದ ಹೌಸಿಂಗ್ ಸೊಸೈಟಿಯಲ್ಲಿ ಎರಡು ಕೋಣೆಯ ಮನೆ ನೋಡಿಟ್ಟಿದ್ದರು. "ಬಾರೇ ತಾಯಿ, ನಿಮ್ಮವ್ವನ್ನೂ ಕರಕೊಂಡು ಬಾ. ಸಂಜೀಕೆ ಕೂತು ಮಾತಾಡಾಕ ಒಬ್ಬರಾದ್ರ ನನಗೂ ಬೇಕಲ್ಲ" ಎಂದಿದ್ದರು. ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವ ಆಗಲೇ ಹೊರಡುವ ಸಡಗರದಲ್ಲಿದ್ದಳು. ಬಾಗಿಲು ತೆರೆದೊಡನೆ ಒಳಗಿನಿಂದ ಕನ್ನಡದಲ್ಲಿ "ಬಂದ್ಯಾ?" ಎನ್ನುವ ಒಂದು ದನಿ. ಅದೊಂದನ್ನು ನೆನೆದೇ ಅವಳು ಆ ಚಳಿಗಾಲವನ್ನು ಕಳೆದಿದ್ದಳು.

ಹೊಸದಾಗಿ ಸೇರಿದ್ದ ಧನುಶ್ರೀಗೆ ಕೈ ಪಳಗಲಿ ಎಂದು ಸರ್ ಜನವರಿಯಲ್ಲಿ ಅದೇ ಪ್ರಯೋಗವನ್ನು ಮಾಡಲು ಹೇಳಿದರು. ಧನುಶ್ರೀ ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುವ ಜನಾರ್ದನ ಎಂಬುವರ ಮಗಳು. ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ. ಕನ್ನಡ ಬರುತ್ತಿತ್ತು, ಅರ್ಧಂಬರ್ಧ. ವಾರದ ಮೇಲೆ ಫಿಲ್ಮು ಬಂತು. ಅದರಲ್ಲಿ ಎಲ್ಲ ತಿರುಗುಮುರುಗು. ಎಕ್ಸ್ ಕೋಶಗಳಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಮಸುಕು ಗೆರೆ, ಬರಿಯ ಕೋಶಗಳಲ್ಲಿ ಕಾಡಿಗೆ.

ಸರ್ ಎಲ್ಲರ ಮುಂದೆಯೇ ಫಿಲ್ಮನ್ನು ಮೇಜಿನ ಮೇಲೆ ಎಸೆದರು. "ಕೋಶಗಳ ತಟ್ಟೆ ಅದಲುಬದಲು ಮಾಡಿದ್ದೀಯ. ಲೇಬಲ್ ಓದೋಕೂ ಬರಲ್ವಾ? ಹೋಟೆಲಲ್ಲಿ ಇಡ್ಲಿ ಕೇಳಿದವನಿಗೆ ದೋಸೆ ಕೊಟ್ಟರೆ ನಡೆಯುತ್ತೆ, ಇಲ್ಲಿ ನಡೆಯಲ್ಲ." ಯಾರೋ ಕಿಸಕ್ಕೆಂದರು. ಹುಡುಗಿ ಕಣ್ಣು ಒರೆಸಿಕೊಂಡು ಹೊರಗೆ ಹೋದಳು. ಇನ್ನೊಂದು ಇಂಥ ತಪ್ಪು ಮಾಡಿದರೆ ಬೇರೆ ಮಾರ್ಗದರ್ಶಕರನ್ನು ನೋಡಿಕೋ ಎಂದು ಸರ್ ಅವಳ ಬೆನ್ನಿಗೆ ಹೇಳಿದರು.

ತಟ್ಟೆ ಬದಲಾಗಿದೆ ಎಂದೇ ಅನಸೂಯಳೂ ತಿಳಿದಿದ್ದಳು. ಸಮಾಧಾನ ಹೇಳಲು ಹಿಂದಿನ ಬೇವಿನ ಮರದ ಹತ್ತಿರ ಹೋದಳು.

"ಅಳಬ್ಯಾಡ. ನಾನೂ ಮೊದಲು ಎಷ್ಟೋ ಕೆಡಿಸೀನಿ. ಹ್ಯಾಂಗ ಮಾಡಿದಿ, ಒಂದೊಂದಾಗಿ ಹೇಳು."

"ಅಕ್ಕಾ, ಸಚ್ಚಿ ಹೇಳ್ತೇನೆ, ನಾನು ಬದಲು ಮಾಡಲಿಲ್ಲ. ಗಾಡ್ ಪ್ರಾಮಿಸ್. ಎರಡು ಟ್ರೇ ಒಟ್ಟಿಗೆ ತೆಗೆದೆ. ನೀವೇ ಹೇಳಿದ್ದಲ್ಲಾ, ಡೋರ್ ಒಂದೇ ಸಲ ಓಪನ್ ಮಾಡೋದು, ಗ್ಯಾಸ್ ಹೋಗ್ತದೆ ಅಂತ."

"ಹೂಂ. ಆಮೇಲೆ?"

"ಫಸ್ಟ್ ಎಕ್ಸ್‌ದು ಐಸ್ ಮೇಲೆ ಇಟ್ಟು ಒಡೆದೆ. ಆಗ ಪಪ್ಪಾದು ಫೋನ್ ಬಂತು. ಮಾತಾಡಿ ಬಂದು ಪ್ಲೇನ್‌ದು ಒಡೆದೆ."

"ಎಕ್ಸ್ ಮೊದಲ ಯಾಕ? ಬರೇದು ಮೊದಲ ಮಾಡಬೇಕಲ್ಲ?"

ಧನುಶ್ರೀ ಮುಖ ಎತ್ತಿದಳು. "ಯಾಕೆ? ಹಾಗೇನು ರೂಲ್ ಉಂಟಾ ಅಕ್ಕಾ?"

ಅನಸೂಯ ನೆನೆಸಿಕೊಂಡಳು. ಆಹಾರ ಹಾಕುವಾಗ ಆ ನಿಯಮವಿದೆ: ಬರಿಯದರಿಂದ ಎಕ್ಸ್ ಕಡೆ ಹೋಗಬೇಕು, ಒಂದರ ಸೋಂಕು ಇನ್ನೊಂದಕ್ಕೆ ತಾಗಬಾರದು. ಆದರೆ ಒಡೆಯುವಾಗ ಯಾವುದು ಮೊದಲಾದರೇನು? ಅದು ಪ್ರಯೋಗಾಲಯದ ನಿಯಮವಾಗಿರಲಿಲ್ಲ, ಅವಳ ಮನೆಯ ನಿಯಮ. ಮಡಿಯದನ್ನು ಮುಗಿಸಿ ಮೈಲಿಗೆಯದನ್ನು ಮುಟ್ಟಬೇಕು. ಕೈ ತಾನಾಗಿ ಹಾಗೇ ನಡೆಯುತ್ತಿತ್ತು. ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ.

"ಫೋನು ಎಷ್ಟೊತ್ತು?" ಎಂದಳು.

"ಪಪ್ಪಾ ಅಂದ್ರೆ ಗೊತ್ತಲ್ಲಾ, ಚಟ್ನಿಯಿಂದ ಶುರು ಮಾಡ್ತಾರೆ. ಇಪ್ಪತ್ತು ಮಿನಿಟ್ ಇರಬಹುದು."

ಇಪ್ಪತ್ತು ನಿಮಿಷ ಬರಿಯ ಕೋಶಗಳು ಇನ್‌ಕ್ಯುಬೇಟರಿನ ಬೆಚ್ಚನೆ ಬಿಟ್ಟು ಮೇಜಿನ ಮೇಲೆ ಇದ್ದವು. ತಣ್ಣಗಾಗಿ, ಅಲುಗಿ, ಬೆಚ್ಚಿಬಿದ್ದು ಒಳಗೆ ಕೂಗೆಬ್ಬಿಸಿದವು. ಕೋಶದ ಲೋಕದಲ್ಲಿ ಒಂದು ಕರೆ ಹುಟ್ಟಿ ಗರ್ಭ ಮುಟ್ಟಲು ಐದು ನಿಮಿಷ ಸಾಕು. ಇದು ಅನಸೂಯಳಿಗೆ ತಿಳಿಯದ್ದಲ್ಲ, ಕಿರಿಯರಿಗೆ ಅವಳೇ ಪಾಠ ಮಾಡುತ್ತಿದ್ದಳು.

ಅವಳು ಎದ್ದು ರಸ್ತೆ ದಾಟಿ ಕೋಣೆಗೆ ಹೋದಳು.

ಗೋಡೆಯ ಮೊಳೆಗೆ ಮಠದ ಪಂಚಾಂಗ ನೇತಾಡುತ್ತಿತ್ತು. ಹಿಂದಿನ ವರ್ಷಗಳವು ಪೆಟ್ಟಿಗೆಯ ತಳದಲ್ಲಿದ್ದವು. ಪ್ರಯೋಗದ ಪುಸ್ತಕ ತೆರೆದು ಒಂದೊಂದೇ ತಾರೀಖನ್ನು ಪಂಚಾಂಗಕ್ಕೆ ಹಿಡಿದಳು. ಹಿಡಿಯಬೇಕಾಗಿಯೇ ಇರಲಿಲ್ಲ. ಹದಿನಾಲ್ಕೂ ದ್ವಾದಶಿ. ದ್ವಾದಶಿಯ ಪಾರಣೆಗೆ ಹೊತ್ತು ಮೀರಬಾರದು. ಉಪವಾಸ ಬಿಡುವುದು ತಡವಾದರೆ ಮಾಡಿದ ಉಪವಾಸವೇ ಸಲ್ಲದು ಎಂದು ಅವಳು ತಿಳಿದಿದ್ದಳು. ಏಳಕ್ಕೆ ಎರಡೂ ಟ್ರೇ ಹೊರಗೆ ತೆಗೆಯುವುದು, ಬರಿಯದನ್ನು ಒಡನೆ ಐಸ್ ಮೇಲಿಟ್ಟು ಇದ್ದಂತೆಯೇ ನಿಲ್ಲಿಸಿ ಒಡೆಯುವುದು, ಅಷ್ಟರಲ್ಲಿ ಹೊತ್ತಾಯಿತೆಂದು ರಸ್ತೆ ದಾಟಿ ಓಡಿಬರುವುದು, ಕೈಕಾಲು ತೊಳೆದು ತುಳಸಿಯ ತೀರ್ಥ ತೆಗೆದುಕೊಂಡು, ಒಂದು ನೆಲ್ಲಿಕಾಯಿ, ಒಂದು ಹಿಡಿ ಮೊಸರವಲಕ್ಕಿ ಬಾಯಿಗೆ ಹಾಕಿಕೊಂಡು ಮತ್ತೆ ಓಡುವುದು. ಆಮೇಲೆ ಎಕ್ಸ್. ಪುಸ್ತಕದಲ್ಲಿ ಅವಳೇ ಬರೆದಿದ್ದಳು: ಬರಿಯದು ಏಳೂ ಇಪ್ಪತ್ತಕ್ಕೆ ಮುಗಿಯಿತು, ಎಕ್ಸ್ ಶುರು ಏಳೂ ಮೂವತ್ತೆಂಟು. ಹದಿನೆಂಟು ನಿಮಿಷ. ಒಮ್ಮೆ ಹದಿನಾರು, ಒಮ್ಮೆ ಇಪ್ಪತ್ತೆರಡು. ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಉಪವಾಸವಿದ್ದ ಕೋಶ, ಮಲಗಿರುತ್ತದೆ, ಕಾಯುತ್ತದೆ ಎಂದುಕೊಂಡಿದ್ದಳು ಅಷ್ಟೇ. ಕೆಲಸ ಪೂರ್ತಿ ಕಲಿಯುವ ಮೊದಲು ಹತ್ತಿದ ರೂಢಿ; ಕಲಿತ ಮೇಲೂ ಕಣ್ಣಿಗೆ ಬೀಳಲಿಲ್ಲ.

ಪುಸ್ತಕದ ಹಿಂಬದಿಯ ಲಕೋಟೆಯಲ್ಲಿ ಮೊದಲ ವರ್ಷದ ಎರಡು ಫಿಲ್ಮುಗಳಿದ್ದವು. ಏಕಾದಶಿಯ ಲೆಕ್ಕ ಹಿಡಿಯುವ ಮುಂಚೆ, ಯಾವುದೋ ಬುಧವಾರ, ಯಾವುದೋ ಶುಕ್ರವಾರ ಮಾಡಿದವು. ಎಕ್ಸ್ ಗೆರೆ ತೀರ ಸಣಕಲಾಗಿ ಬಂದಿತ್ತೆಂದು "ಕೈ ಪಳಗಿಲ್ಲ" ಎಂದು ಬರೆದು ಎತ್ತಿಟ್ಟಿದ್ದಳು. ಈಗ ಅವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸುಳ್ಳು ಹೇಳದ ಫಿಲ್ಮು ಇದ್ದದ್ದು ಅವೆರಡೇ.

ಕೆಳಗೆ ಝೆರಾಕ್ಸ್ ಯಂತ್ರ ಸದ್ದು ಮಾಡುತ್ತಲೇ ಇತ್ತು. ಅನಸೂಯ ದೇವರ ಪಟದ ಕಡೆ ತಿರುಗಿ ಕೂತಳು. ಬೈಯಲೂ ಆಗಲಿಲ್ಲ, ಬೇಡಲೂ ಆಗಲಿಲ್ಲ. ನಿನಗೆಂದು ಓಡಿಬಂದ ಆ ಹದಿನೆಂಟು ನಿಮಿಷವೇ ನನ್ನನ್ನು ತಿಂದಿತು ಎಂದು ಯಾರ ಮುಂದೆ ಹೇಳಬೇಕು? ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹದಿನಾಲ್ಕು ಫಿಲ್ಮು ಒಂದು ಕಡೆ, ಹೊಸ ಹುಡುಗಿಯ ಒಂದು ಫಿಲ್ಮು ಒಂದು ಕಡೆ. ಚಾಂದ್‌ಖೇಡಾದ ಮನೆ, ಅವ್ವ, ಸಂಜೆಯ ಮಾತು, ಎಲ್ಲ ಹಾಗೆಯೇ ಉಳಿಯುತ್ತದೆ. ಹೋಗುವುದು ಧನುಶ್ರೀಯ ಹೆಸರು ಮಾತ್ರ.

ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನು ಮಾಡಿದಳು. ಅವ್ವನೇ ಎತ್ತಿದಳು.

"ಅನಸೂಯಾ? ಇವತ್ತ ನೀ ಫೋನ್ ಮಾಡೂ ದಿನ ಅಲ್ಲ, ಯಾಕ ಮಾಡಿದಿ? ಆರಾಮ ಇದ್ದೀಯಿಲ್ಲೊ?"

"ಆರಾಮ ಇದ್ದೀನವ್ವಾ. ಸುಮ್ಮನ ಮಾಡಿದೆ."

"ಸುಮ್ಮನ ಫೋನ್ ಮಾಡವಳಲ್ಲ ನೀನು. ಇರ್ಲಿ. ಕೇಳಿಲ್ಲೆ, ಒಳಕಲ್ಲು ಅಲ್ಲಿ ಸಿಗ್ತದೇನ? ನಿಮ್ಮಣ್ಣ ನಗತಾನ, ರೈಲಿನ್ಯಾಗ ಕಲ್ಲು ಹೊತಗೊಂಡು ಹೋಗ್ತೀಯೇನವ್ವಾ ಅಂತ. ಅವನಿಗೇನು ಗೊತ್ತು, ಮಿಕ್ಸರಿನ ಚಟ್ನಿ ಚಟ್ನಿ ಏನ?"

ಅನಸೂಯ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ವಾ, ಒಂದು ಕೇಳಲಿ? ಪಾರಣಿ ಹೊತ್ತು ಮೀರಿದ್ರ ಏನಾಗ್ತದ?"

"ಏನಾಗ್ತದ? ಹೊತ್ತು ಮೀರಿತು ಅಂತ ಆಗ್ತದ." ಅವ್ವ ನಕ್ಕಳು. "ನಿಮ್ಮಪ್ಪ ಒಮ್ಮೆ ಹಿಂಗ ಮಾಡಿಕೊಂಡಿದ್ರು. ದ್ವಾದಶಿ ಮುಂಜಾನೆ, ಬಡಿಗ್ಯಾರ ಮನಿ ಹುಡುಗಿಗೆ ಹೆರಿಗಿ ಬ್ಯಾನಿ. ಊರಾಗ ಗಾಡಿ ಇದ್ದದ್ದು ನಮ್ಮದೊಂದ. ಹೂಡಿಕೊಂಡು ಹೋದ್ರು, ಬರೂದು ಮಧ್ಯಾಹ್ನಾತು. ಅವತ್ತ ಸಂಜಿ ಗುಡಿಯೊಳಗ ಪುರಾಣ ಬ್ಯಾರೆ. ಕೂತವರ ಎಲ್ಲಾರ ಮುಂದ 'ಇವತ್ತ ನನ್ನ ಪಾರಣಿ ತಪ್ಪೇದ' ಅಂತ ಹೇಳಿ ಪುರಾಣ ಶುರು ಮಾಡಿದ್ರು. ನಾ ಬೈದೆ, ಯಾರು ಕೇಳಿದ್ರು ನಿಮ್ಮನ್ನ, ಯಾಕ ಹೇಳಿದ್ರಿ ಅಂತ."

"ಏನಂದ್ರು ಅಪ್ಪ?"

"ಏನಂತಾರ? ಅನ್ನಕ್ಕ ಇನ್ನಷ್ಟು ಸಾರು ಹಾಕು ಅಂದ್ರು." ಅವ್ವ ತಿರುಗಿ ಕೇಳಿದಳು. "ಯಾಕ ಕೇಳಿದಿ? ಏನರೆ ತಪ್ಪೇದೇನು?"

"ಹೂಂ ಅವ್ವಾ. ಚಾಂದ್‌ಖೇಡಾದ್ದು ಮುಂದ ಹೋಗಬಹುದು. ಆಗದನೂ ಇರಬಹುದು."

ಬೂತಿನ ಮೀಟರು ಓಡುತ್ತಿತ್ತು. "ಆತು ಬಿಡು," ಎಂದಳು ಅವ್ವ ಕೊನೆಗೆ. "ಒಳಕಲ್ಲು ಭಾಳ ಭಾರ ಅದ."

ಮರುದಿನ ಬೆಳಿಗ್ಗೆ ಅನಸೂಯ ಪುಸ್ತಕ, ಪಂಚಾಂಗ, ಲಕೋಟೆ ಹಿಡಿದು ಸರ್ ಕೋಣೆಗೆ ಹೋದಳು. "ಸರ್, ಧನುಶ್ರೀ ತಟ್ಟೆ ಬದಲು ಮಾಡಿಲ್ಲ. ತಪ್ಪು ನನ್ನದು."

ಸರ್ ಅವಳು ಬೆರಳಿಟ್ಟ ಸಾಲುಗಳನ್ನೆಲ್ಲ ಓದಿದರು. ಕನ್ನಡಕ ತೆಗೆದರು. "ಈ ಹದಿನೆಂಟು ನಿಮಿಷ ನೀನು ಎಲ್ಲಿಗೆ ಹೋಗ್ತಿದ್ದೆ?"

"ರೂಮಿಗೆ, ಸರ್. ಏಕಾದಶಿಯ ಉಪವಾಸ ಬಿಡೋಕೆ."

"ಅಗಿಯಾರಸ್?" ಅವರಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ನಮ್ಮ ಮನೆಯಲ್ಲೂ ಮಾಡ್ತಾರೆ. ನಾನೇ ಮಾಡ್ತೀನಿ, ಬಟಾಟೆ ತಿಂದು. ಹದಿನಾಲ್ಕು ಸಲವೂ?"

"ಹದಿನಾಲ್ಕೂ."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಆರು ವರ್ಷ, ಅನಸೂಯಾಬೆನ್," ಎಂದರಷ್ಟೆ. ಆಮೇಲೆ ತಿರುಗಿ, "ಮತ್ತೆ ಮಾಡು. ಇಬ್ಬರು ಕೂತು ಎರಡನ್ನೂ ಒಂದೇ ಗಳಿಗೆಗೆ ಒಡೆಯಿರಿ. ಏನು ಬರುತ್ತೋ ಬರಲಿ. ಲೇಖನ ನಾನು ವಾಪಸ್ ತರಿಸ್ತೀನಿ. ಆದರೆ ಸೆಮಿನಾರಿನಲ್ಲಿ ಯಾರಾದರೂ ಕೇಳಿದರೆ ತಾಂತ್ರಿಕ ಕಾರಣದಿಂದ ತಡವಾಯಿತು ಅನ್ನು. ಈ ಉಪವಾಸದ ಮಾತು ಬೇಡ. ಜನ ನಗ್ತಾರೆ. ನಿನಗೂ ನಗ್ತಾರೆ, ನನಗೂ ನಗ್ತಾರೆ."

ಅವಳು ತಲೆಯಾಡಿಸಿ ಹೊರಗೆ ಬಂದಳು.

ಮುಂದಿನ ನಾಲ್ಕು ವಾರ ಅವಳೂ ಧನುಶ್ರೀಯೂ ಎದುರುಬದುರು ಕೂತು, ನಡುವೆ ಒಂದು ಗಡಿಯಾರವಿಟ್ಟುಕೊಂಡು, "ಈಗ" ಎಂದೊಡನೆ ಇಬ್ಬರೂ ಒಟ್ಟಿಗೆ ಒಡೆದರು. ಮೂರು ಸಲ. ಮಂಗಳವಾರ, ಗುರುವಾರ, ಮತ್ತೊಂದು ಮಂಗಳವಾರ. ಅನಸೂಯಳೇ ಎಲ್ಲವನ್ನೂ ಹೇಳಿ "ನಿನ್ನ ಮ್ಯಾಲೆ ಬಂದಿತ್ತು ಆ ತಪ್ಪು" ಎಂದಾಗ ಹುಡುಗಿ ಮುಖ ಕೆಂಪು ಮಾಡಿಕೊಂಡು, "ಅಕ್ಕಾ, ನೀವು ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ. ನಾನೇ ಬದಲು ಮಾಡಿದ್ದು ಅಂತ ನಂಬಿಬಿಟ್ಟಿದ್ದೆ" ಎಂದಳು. ಆ ಮಾತು ಅನಸೂಯಳ ಎದೆಯಲ್ಲಿ ಬಹಳ ದಿನ ಮುಳ್ಳಾಗಿ ಚುಚ್ಚಿತು.

ಫಿಲ್ಮುಗಳು ಬಂದವು. ಬರಿಯ ಕೋಶ ಮೌನ. ಎಕ್ಸ್ ಕೋಶದಲ್ಲಿ ಒಂದು ಗೆರೆ ಇತ್ತು. ಕಾಡಿಗೆಯಲ್ಲ, ಸ್ಲೇಟು ಒರೆಸಿದ ಮೇಲೆ ಉಳಿದ ಬಳಪದಷ್ಟು. ಮೂರು ಸಲವೂ ಅಷ್ಟೇ. ಅಹಮದಾಬಾದಿಗೆ ಅವಳೇ ಕಾಗದ ಬರೆದಳು, ನೀವು ನೋಡಿದ ಫಲಿತಾಂಶ ನಿಲ್ಲುವುದಿಲ್ಲ ಎಂದು. ಹತ್ತು ದಿನಕ್ಕೆ ಎರಡು ಸಾಲಿನ ಉತ್ತರ ಬಂತು: ಸಂದರ್ಶನಕ್ಕೆ ಬರುವ ಅಗತ್ಯವಿಲ್ಲ, ಶುಭವಾಗಲಿ. ಗೌರಮ್ಮ ಆ ಮನೆಯನ್ನು ಬೇರೆಯವರಿಗೆ ತೋರಿಸಿದರು.

ಸೆಮಿನಾರಿನ ದಿನ ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಧನುಶ್ರೀ ಪ್ರೊಜೆಕ್ಟರಿನ ಹತ್ತಿರ ನಿಂತು ಹಾಳೆ ಬದಲಿಸುತ್ತಿದ್ದಳು. ಅನಸೂಯ ಹಳೆಯ ಹದಿನಾಲ್ಕನ್ನೂ ತೋರಿಸಿ, ಇವು ತಪ್ಪು ಎಂದಳು. ಹೊಸ ಮೂರನ್ನು ತೋರಿಸುವ ಮೊದಲು ಮುಂದಿನ ಸಾಲಿನಿಂದ ಒಂದು ಕೈ ಎದ್ದಿತು. ಸೂರತ್ತಿನಿಂದ ಬಂದಿದ್ದ ಪರೀಕ್ಷಕರು, ಬಿಳಿಗೂದಲಿನ ಮನುಷ್ಯ.

"ಎಕ್ಸ್ ತಟ್ಟೆಗಳು ನಡುವೆ ಹದಿನೆಂಟು ನಿಮಿಷ ಸುಮ್ಮನೆ ಹೊರಗೆ ಕಾದವು ಎಂದಿರಿ. ಪ್ರತಿ ಸಲ ಅವೇ ಯಾಕೆ? ಎಂದಾದರೊಮ್ಮೆ ಬರಿಯವೂ ಕಾಯಬೇಕಿತ್ತಲ್ಲ?"

ತ್ರಿವೇದಿ ಸರ್ ಅವಳ ಕಡೆ ನೋಡಿದರು. ತಾಂತ್ರಿಕ ಕಾರಣ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಮಾತಿನಿಂದ ಕೇಳಿದವರಿಗೆ ಉತ್ತರ ಸಿಗುತ್ತಿರಲಿಲ್ಲ. ಅವರು ಕೇಳಿದ್ದು ತಡವಾದ ಕಾರಣವನ್ನಲ್ಲ, ತಪ್ಪು ಯಾವಾಗಲೂ ಒಂದೇ ಕಡೆ ಬಿದ್ದ ಕಾರಣವನ್ನು.

"ನಮ್ಮ ಮನೆಯಲ್ಲಿ ಮಡಿಯದನ್ನು ಮೊದಲು ಮುಗಿಸುವ ರೂಢಿ, ಸರ್," ಎಂದಳು. "ಅದೇ ರೂಢಿಯಲ್ಲಿ ಬರಿಯ ಕೋಶಗಳನ್ನು ಮೊದಲು ಒಡೆಯುತ್ತಿದ್ದೆ. ಹದಿನಾಲ್ಕು ಪ್ರಯೋಗಗಳೂ ದ್ವಾದಶಿಯ ಬೆಳಿಗ್ಗೆ ಆದವು. ಏಕಾದಶಿಯ ಉಪವಾಸ ಬಿಡಲು ನಡುವೆ ನಾನು ರೂಮಿಗೆ ಹೋಗುತ್ತಿದ್ದೆ. ಎಕ್ಸ್ ಕೋಶಗಳು ಆಗ ಮೇಜಿನ ಮೇಲೆ ಇರುತ್ತಿದ್ದವು."

ಹಿಂದಿನಿಂದ ಯಾರೋ ಗುಜರಾತಿಯಲ್ಲಿ ಏನೋ ಅಂದರು. ಐದಾರು ಜನ ನಕ್ಕರು. ನಗು ಸಾಲಿನಿಂದ ಸಾಲಿಗೆ ದಾಟಿ ಮುಂದೆ ಬಂತು. ತ್ರಿವೇದಿ ಸರ್ ತಲೆ ತಗ್ಗಿಸಿದರು. ಸೂರತ್ತಿನವರು ನಗಲಿಲ್ಲ. ಕೈಯಲ್ಲಿದ್ದ ಕಾಗದದ ಮೇಲೆ ಏನನ್ನೋ ಬರೆದುಕೊಂಡು, "ಸರಿ, ಈಗ ಅರ್ಥವಾಯಿತು" ಎಂದರು.

ನಗು ಇಳಿಯಲೆಂದು ಅನಸೂಯ ಕಾದಳು. ಅವಳ ಕಡೆಯವರೆಂದು ಆ ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಪ್ರೊಜೆಕ್ಟರಿನ ಬಳಿ ಧನುಶ್ರೀ ಮಾತ್ರ ಹಾಳೆ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು.

"ಮುಂದಿಂದು ಹಾಕವ್ವ," ಎಂದಳು ಅನಸೂಯ, ಅಷ್ಟು ಜನರ ನಡುವೆ ಕನ್ನಡದಲ್ಲಿಯೇ. ಬಿಳಿಯ ಪರದೆಯ ಮೇಲೆ ಹೊಸ ಫಿಲ್ಮು ಮೂಡಿತು. ಗೆರೆ ಎಷ್ಟು ತೆಳುವಾಗಿತ್ತೆಂದರೆ ಹಿಂದೆ ಕೂತವರು ಕುರ್ಚಿಯಿಂದ ಎದ್ದು ನೋಡಬೇಕಾಯಿತು. ಅವಳು ತೋರಿಸುವ ಕಡ್ಡಿಯನ್ನು ಅದರ ಕೆಳಗಿಟ್ಟು, ಅದು ಎಷ್ಟಿದೆಯೋ ಅಷ್ಟನ್ನೇ ಹೇಳತೊಡಗಿದಳು.